ಸೂಟ್‌ಕೇಸಿನಲ್ಲಿ ಬರುವ ಕಾಲೇಜ್ ಫುಟ್‌ಬಾಲ್

ಸಂಪಾದಕರಿಗೆ,

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಅಮೆರಿಕದಿಂದ ಊರಿಗೆ ಹೊರಡುವವರ ಸೂಟ್‌ಕೇಸಿನಲ್ಲಿ ಚಾಕೊಲೇಟು, ವಿಟಮಿನ್ ಮಾತ್ರೆಗಳ ಪಕ್ಕ ಈಗ ವಿಡಿಯೊ ಗೇಮ್ ಡಿಸ್ಕ್‌ಗಳೂ ಜಾಗ ಹಿಡಿದಿವೆ. ಎಡವಟ್ಟಾಗುವುದು ಹೆಚ್ಚಾಗಿ ಒಂದು ಆಟದ ವಿಷಯದಲ್ಲಿ. ಬೆಂಗಳೂರಲ್ಲೋ ಮಂಗಳೂರಲ್ಲೋ ಇರುವ ಹುಡುಗ ‘ಇಎ ಫುಟ್‌ಬಾಲ್ ತನ್ನಿ’ ಎಂದು ಹೇಳಿರುತ್ತಾನೆ. ಅಂಗಡಿಯಲ್ಲಿ ಚಿಕ್ಕಪ್ಪನ ಕೈಗೆ ಸಿಗುವುದು ‘ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್’. ಕಂಪನಿ ಅದೇ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್), ಹೆಸರಲ್ಲಿ ಫುಟ್‌ಬಾಲೂ ಇದೆ. ಬಿಚ್ಚಿ ನೋಡಿದರೆ ಮೆಸ್ಸಿಯೂ ಇಲ್ಲ, ಗೋಲ್‌ಕೀಪರೂ ಇಲ್ಲ. ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡಿಗಾಗಿ ಗುದ್ದಾಡುವ ಗಂಡಾಳುಗಳು. ಹುಡುಗನ ಮುಖ ಬಾಡುತ್ತದೆ, ಡಿಸ್ಕ್ ಶೋಕೇಸಿನ ಹಿಂದೆ ಸೇರುತ್ತದೆ.

ಹಾಗೆ ಸೇರಿಸುವ ಮೊದಲು ಒಂದಿಷ್ಟು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಪ್ರಕಾರ ಈಚಿನ ಕ್ರೀಡಾ ಗೇಮ್‌ಗಳಲ್ಲಿ ಇಷ್ಟು ಜೀವ ತುಂಬಿಕೊಂಡದ್ದು ಇನ್ನೊಂದಿಲ್ಲ. ದುಡ್ಡಿನ ಮಾತು ಬಂದಾಗ ಇಷ್ಟು ಜಾಣಕುರುಡು ತೋರಿಸುವುದೂ ಇನ್ನೊಂದಿಲ್ಲ.

ಆಟ ಗೊತ್ತಿಲ್ಲದವರಿಗೆ ನಾಲ್ಕೇ ಮಾತು. ಒಂದೊಂದು ಕಡೆಗೆ 11 ಜನ, ನೂರು ಗಜದ ಮೈದಾನ. ನಾಲ್ಕು ಯತ್ನದೊಳಗೆ 10 ಗಜ ಮುಂದೆ ಹೋಗಬೇಕು; ಹೋದರೆ ಇನ್ನೂ ನಾಲ್ಕು ಯತ್ನ, ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಗಜಗಜವಾಗಿ ನೆಲ ಕಿತ್ತುಕೊಳ್ಳುವ ಆಟ. ಪ್ರತಿ ಯತ್ನಕ್ಕೂ ಮೊದಲೇ ಬರೆದಿಟ್ಟ ಒಂದು ಯೋಜನೆ ಇರುತ್ತದೆ, ಅದನ್ನು ನಡೆಸಿಕೊಡುವವನು ಕ್ವಾರ್ಟರ್‌ಬ್ಯಾಕ್. ಅಮೆರಿಕದಲ್ಲಿ ಇದರ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಆದರೆ ದಕ್ಷಿಣದ, ಮಧ್ಯದ ಎಷ್ಟೋ ಊರುಗಳಲ್ಲಿ ಶನಿವಾರದ ಕಾಲೇಜು ಪಂದ್ಯವೇ ಊರಹಬ್ಬ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಓದುವ ಹುಡುಗರ ಆಟ ನೋಡಲು ಅಷ್ಟು ಜನ.

ಈ ಗೇಮ್ 11 ವರ್ಷ ಕಾಣೆಯಾಗಿತ್ತು. 2013ರ ಜುಲೈನಲ್ಲಿ ಬಂದ ‘ಎನ್‌ಸಿಎಎ ಫುಟ್‌ಬಾಲ್ 14’ ಆದ ಮೇಲೆ ಸರಣಿ ನಿಂತಿತು, ಮತ್ತೆ ಬಂದದ್ದು 2024ರ ಜುಲೈ 19ರಂದು, ‘ಕಾಲೇಜ್ ಫುಟ್‌ಬಾಲ್ 25’ ಎಂಬ ಹೆಸರಿನಲ್ಲಿ. ಮಧ್ಯೆ ನಡೆದದ್ದು ಕೋರ್ಟಿನ ಕತೆ. ಹಳೆಯ ಗೇಮ್‌ಗಳಲ್ಲಿ ಕಾಲೇಜು ಆಟಗಾರರ ಹೆಸರು ಇರುತ್ತಿರಲಿಲ್ಲ, ಬರೀ ಅಂಗಿಯ ಸಂಖ್ಯೆ. ಆದರೆ ಎತ್ತರ, ತೂಕ, ಮೈಬಣ್ಣ, ಆಡುವ ರೀತಿ ಎಲ್ಲ ಅಸಲಿ ಹುಡುಗನದೇ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 1995ರಲ್ಲಿ ಚಾಂಪಿಯನ್ ಆದಾಗ ಅದರಲ್ಲಿ ಆಡಿದ್ದ ಎಡಗೈ ಆಟಗಾರ ಎಡ್ ಒಬ್ಯಾನನ್, ಅದೇ ಕಂಪನಿಯ ಬ್ಯಾಸ್ಕೆಟ್‌ಬಾಲ್ ಗೇಮಿನಲ್ಲಿ 31ನೇ ನಂಬರಿನ ಎಡಗೈ ಆಟಗಾರನನ್ನು ನೋಡಿ, ಇವನು ನಾನೇ ಎಂದು ಗುರುತಿಸಿದರು. ಹೆಸರಿಲ್ಲ, ಕಾಸೂ ಇಲ್ಲ. 2009ರಲ್ಲಿ ಕೋರ್ಟಿಗೆ ಹೋದರು. ಕೊನೆಗೆ ಇಎ ಮತ್ತು ಕಾಲೇಜುಗಳ ಹೆಸರು, ಲಾಂಛನ ಬಳಸಲು ಪರವಾನಗಿ ಕೊಡುವ ಲೈಸೆನ್ಸಿಂಗ್ ಕಂಪನಿ ಸೇರಿ 4 ಕೋಟಿ ಡಾಲರ್, ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 2 ಕೋಟಿ ಡಾಲರ್ ತೆತ್ತು ಆಟಗಾರರೊಂದಿಗೆ ರಾಜಿಯಾದವು. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಕ್ಕೆ ಹಣ ಪಡೆಯಬಹುದು ಎಂದಾಯಿತು. ಗೇಮ್ ಮರಳಲು ಬಾಗಿಲು ತೆರೆದದ್ದು ಅದು. ಒಪ್ಪಿಗೆ ಕೊಟ್ಟ ಪ್ರತಿ ಆಟಗಾರನಿಗೆ 600 ಡಾಲರ್ ಮತ್ತು ಗೇಮಿನ ಒಂದು ಪ್ರತಿ. ಹನ್ನೊಂದು ಸಾವಿರಕ್ಕೂ ಹೆಚ್ಚು ಹುಡುಗರು ಸಹಿ ಹಾಕಿದರು.

ಇನ್ನು ಆಟದೊಳಗೆ ಬರೋಣ. ಈ ಗೇಮಿನ ಮೊದಲ ಹೆಚ್ಚುಗಾರಿಕೆ ಗದ್ದಲ.

ಕ್ರೀಡಾ ಗೇಮ್‌ಗಳಲ್ಲಿ ಪ್ರೇಕ್ಷಕರೆಂದರೆ ಸಾಮಾನ್ಯವಾಗಿ ಹಿನ್ನೆಲೆಯ ಬಣ್ಣ, ಒಂದಿಷ್ಟು ಹೋ ಎಂಬ ಸದ್ದು. ಇಲ್ಲಿ ಗದ್ದಲ ಆಟಗಾರನ ತಲೆಯೊಳಗೆ ಹೊಗುತ್ತದೆ. ಎದುರಾಳಿಗೆ ಆಡಲು ಅತಿ ಕಷ್ಟವಾದ 25 ಕ್ರೀಡಾಂಗಣಗಳ ಪಟ್ಟಿಯನ್ನು ಕಂಪನಿಯೇ ಕೊಟ್ಟಿತ್ತು; ಅದರಲ್ಲಿ ಮೊದಲನೆಯದು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೈಲ್ ಫೀಲ್ಡ್. ಅಲ್ಲಿಗೆ ಮೊದಲ ವರ್ಷದ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಕರೆದುಕೊಂಡು ಹೋಗಿ ನೋಡಿ. ಮೂರನೇ ಯತ್ನ, ಇನ್ನೂ 8 ಗಜ ಬೇಕು. ಪರದೆಯ ಮೇಲಿನ ‘ಸ್ಟೇಡಿಯಂ ಪಲ್ಸ್’ ಮಾಪಕ ತುಂಬಿಕೊಂಡಿದೆ, ಪರದೆ ನಡುಗುತ್ತಿದೆ. ಯಾರು ಎಲ್ಲಿಗೆ ಓಡಬೇಕು ಎಂದು ನೋಡಲು ಯೋಜನೆಯ ಚಿತ್ರ ತೆರೆದರೆ ನೇರವಾಗಿರಬೇಕಾದ ಗೆರೆಗಳು ಕೈ ನಡುಗುವವನು ಎಳೆದ ಹಾಗೆ ಅಂಕುಡೊಂಕು. ಎದುರಾಳಿ ನಿಂತಿರುವ ರೀತಿ ನೋಡಿ ಗಾಬರಿಯಾಗಿ ಯೋಜನೆ ಬದಲಿಸುತ್ತೀರಿ; ಆ ಸೂಚನೆ ಎಸೆದ ಚೆಂಡು ಹಿಡಿಯಬೇಕಾದ ಒಬ್ಬ ರಿಸೀವರ್‌ಗೆ ಕೇಳಿಸಿರುವುದೇ ಇಲ್ಲ. ಅವನು ಹಳೆಯ ಯೋಜನೆಯಂತೆ ಬಲಕ್ಕೆ ಓಡುತ್ತಾನೆ, ನೀವು ಎಡಕ್ಕೆ ಎಸೆಯುತ್ತೀರಿ, ಅಲ್ಲಿ ಎದುರಾಳಿಯವನೊಬ್ಬ ಚೆಂಡಿಗಾಗಿ ಕಾದು ನಿಂತ ಹಾಗೆ ನಿಂತಿರುತ್ತಾನೆ.

ಕೆಲವರಿಗೆ ಇದು ಮೋಸ ಅನ್ನಿಸುತ್ತದೆ. ಅಸಲಿಗೆ ಕಾಲೇಜು ಫುಟ್‌ಬಾಲಿನಲ್ಲಿ ಪರಊರಿನ ಪಂದ್ಯವೆಂದರೆ ಇದೇ. ಪಾರಾಗುವ ದಾರಿಗಳೂ ಅಸಲಿ ಕೋಚ್‌ಗಳು ಹಿಡಿಯುವ ದಾರಿಗಳೇ. ಕೊನೇ ಗಳಿಗೆಯಲ್ಲಿ ಯೋಜನೆ ಬದಲಿಸಬೇಡಿ. ಯಾವ ರಕ್ಷಣೆ ಬಂದರೂ ಅಷ್ಟಿಷ್ಟು ನಡೆಯುವಂಥ ಸರಳ ಯೋಜನೆಯನ್ನೇ ಆರಿಸಿ. ಮೊದಲ ಎರಡು ಯತ್ನ ಓಟಕ್ಕೆ ಕೊಟ್ಟು, ಮೂರನೆಯದಕ್ಕೆ 2–3 ಗಜವಷ್ಟೇ ಉಳಿಯುವಂತೆ ನೋಡಿಕೊಳ್ಳಿ. ಒಂದೆರಡು ದೊಡ್ಡ ಓಟ ಬಿದ್ದರೆ ಜನರ ಗಂಟಲು ಇಳಿಯುತ್ತದೆ, ಮಾಪಕವೂ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೇಮ್ ಕೊಡುವ ಸಾಮರ್ಥ್ಯದ ಅಂಕದಲ್ಲಿ 3 ಕಡಿಮೆಯಿದ್ದರೂ ಮೂರನೇ ವರ್ಷದ ಹುಡುಗನನ್ನು ಇಳಿಸಿ. ಅವನಿಗೆ ಗೆರೆಗಳು ನೇರವಾಗಿ ಕಾಣುತ್ತವೆ. ಅನುಭವ ಎನ್ನುವುದನ್ನು ಇಷ್ಟು ಚೆನ್ನಾಗಿ ಪರದೆಗೆ ತಂದ ಗೇಮ್ ಬೇರೆ ಇದೆಯೋ ಏನೋ, ನಮಗಂತೂ ನೆನಪಾಗುತ್ತಿಲ್ಲ.

ಕಾಲೇಜಿನ ಆಟ ಎನ್‌ಎಫ್‌ಎಲ್‌ಗಿಂತ ಬೇರೆ ಎನ್ನುವುದೂ ಇಲ್ಲಿ ಚೆನ್ನಾಗಿ ಮೂಡಿದೆ. ಮೈದಾನದ ಮಧ್ಯದ ಎರಡು ಹ್ಯಾಶ್ ಗೆರೆಗಳ (ಪ್ರತಿ ಯತ್ನದಲ್ಲೂ ಚೆಂಡನ್ನು ಇವುಗಳ ಮೇಲೋ ನಡುವೆಯೋ ಇಡುತ್ತಾರೆ) ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಹೀಗಾಗಿ ಚೆಂಡು ಒಂದು ಬದಿಯ ಗೆರೆಯ ಮೇಲಿದ್ದರೆ ಇನ್ನೊಂದು ಬದಿಯಲ್ಲಿ ಬಯಲೋ ಬಯಲು. ಆ ಬಯಲನ್ನು ನುಂಗಲು ಒದಗುವುದು ‘ಆಪ್ಷನ್’ ಆಟ, ಅಂದರೆ ಚೆಂಡು ಕೊಡುವುದೋ ಇಟ್ಟುಕೊಳ್ಳುವುದೋ ಎಂದು ಕ್ವಾರ್ಟರ್‌ಬ್ಯಾಕ್ ಆ ಗಳಿಗೆಯಲ್ಲೇ ತೀರ್ಮಾನಿಸುವ ಆಟ. ಸೇನಾ ಅಕಾಡೆಮಿಗಳಾದ ಆರ್ಮಿ, ನೇವಿ, ಏರ್‌ಫೋರ್ಸ್ ತಂಡಗಳನ್ನು ಆರಿಸಿಕೊಂಡರೆ ಇದರ ರುಚಿ ಸಿಗುತ್ತದೆ. ಕಲಿಯುವ ಕ್ರಮ ಹೀಗೆ. ಯೋಜನೆಯ ಚಿತ್ರದಲ್ಲಿ ಎದುರಾಳಿ ಕಡೆಯ ತುದಿಯವನೊಬ್ಬನ ಮೇಲೆ ‘ಆರ್’ ಗುರುತು ಇರುತ್ತದೆ. ಅವನನ್ನು ನಮ್ಮವರು ಬೇಕೆಂದೇ ತಡೆಯುವುದಿಲ್ಲ. ಚೆಂಡು ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಅವನ ಭುಜ ಎತ್ತ ತಿರುಗಿದೆ ಎಂಬುದನ್ನಷ್ಟೇ. ಅವನು ಕ್ವಾರ್ಟರ್‌ಬ್ಯಾಕ್ ಕಡೆ ಬಂದರೆ ಪ್ಲೇಸ್ಟೇಷನ್‌ನಲ್ಲಿ ಎಕ್ಸ್ ಬಟನ್ (ಎಕ್ಸ್‌ಬಾಕ್ಸ್‌ನಲ್ಲಿ ಎ) ಒತ್ತಿ ಹಿಡಿದು ಚೆಂಡನ್ನು ಪಕ್ಕದ ಓಟಗಾರನಿಗೆ ಕೊಟ್ಟುಬಿಡಿ. ಓಟಗಾರನ ಮೇಲೆ ಬಿದ್ದರೆ ಬಟನ್ ಬಿಟ್ಟು ಚೆಂಡು ನೀವೇ ಇಟ್ಟುಕೊಂಡು ಹೊರಗೆ ಓಡಿ. ಟ್ರಿಪಲ್ ಆಪ್ಷನ್ ಆದರೆ ಹೊರಗೆ ‘ಪಿ’ ಗುರುತಿನ ಇನ್ನೊಬ್ಬ ಕಾದಿರುತ್ತಾನೆ. ಅವನು ನಿಮ್ಮ ಮೇಲೆ ಬಂದ ತಕ್ಷಣ ಎಲ್1 ಒತ್ತಿ ಚೆಂಡನ್ನು ಬದಿಯವನಿಗೆ ತೂರಬೇಕು. ಹೊಸಬರು ಮಾಡುವ ತಪ್ಪು ಎರಡು. ಒಂದು, ನೋಡುವ ಮೊದಲೇ ಮನಸ್ಸು ಮಾಡಿರುತ್ತಾರೆ. ಇನ್ನೊಂದು, ಅವನು ಮೈಮೇಲೆ ಬಿದ್ದ ಮೇಲೆ ತೂರುತ್ತಾರೆ; ಚೆಂಡು ನೆಲಕ್ಕೆ ಬೀಳುತ್ತದೆ, ಪಂದ್ಯ ಕೈಬಿಡುತ್ತದೆ. ಪ್ರಾಕ್ಟೀಸ್ ಮೋಡ್‌ನಲ್ಲಿ ಒಂದೇ ಯೋಜನೆಯನ್ನು 30–40 ಸಲ ಆಡಿಸಿದರೆ ಕಣ್ಣು ಪಳಗುತ್ತದೆ.

ಎರಡನೇ ಹೆಚ್ಚುಗಾರಿಕೆ ‘ಡೈನಾಸ್ಟಿ’. ಕೋಚ್ ಆಗಿ ಒಂದು ಕಾಲೇಜನ್ನು 30 ಋತುವಿನವರೆಗೆ ನಡೆಸುವ ವಿಭಾಗ ಇದು. ‘ಕಾಲೇಜ್ ಫುಟ್‌ಬಾಲ್ 25’ ಕಂತಿನಲ್ಲಿ 134 ತಂಡಗಳಿದ್ದವು, 2025ರಲ್ಲಿ ಬಂದ ‘26’ರ ಕಂತಿನಲ್ಲಿ 136. ಗೆಲ್ಲುವ ತಂಡವನ್ನೇ ಆರಿಸಿಕೊಂಡರೆ ಮಜವಿಲ್ಲ. ಪಟ್ಟಿಯ ತಳದಲ್ಲಿರುವ ಯಾವುದೋ ಸಣ್ಣ ಕಾಲೇಜನ್ನು ಹಿಡಿದು, ಹೈಸ್ಕೂಲ್ ಹುಡುಗರನ್ನು ಪುಸಲಾಯಿಸಿ ಕರೆತಂದು, ಐದಾರು ವರ್ಷದಲ್ಲಿ 12 ತಂಡಗಳ ಪ್ಲೇಆಫ್‌ಗೆ ಏರಿಸುವುದರಲ್ಲಿದೆ ಸುಖ.

ಪುಸಲಾಯಿಸುವ ಕೆಲಸವೆಲ್ಲ ಗಂಟೆಗಳ ಲೆಕ್ಕದಲ್ಲಿ ನಡೆಯುತ್ತದೆ. ಕರೆತರಬೇಕಾದವರ ಹೆಸರು ಹಾಕುವ ನಿಮ್ಮ ಹಲಗೆಯ ಮೇಲೆ 35 ಹುಡುಗರಿಗೆ ಜಾಗ. ವಾರಕ್ಕೆ ಇಷ್ಟು ಗಂಟೆ ಎಂದು ಕೋಟಾ. ದೊಡ್ಡ ಕಾಲೇಜಿಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಸ್ಕಾಲರ್‌ಶಿಪ್ ಕೊಡುತ್ತೇವೆ ಎಂದು ಹೇಳಲು 5 ಗಂಟೆ. ಹುಡುಗನ ಆಟ ಪರೀಕ್ಷಿಸಲು ಪ್ರತಿ ಸಲಕ್ಕೆ 10. ನೇರ ಮೆಸೇಜ್ ಕಳಿಸಲು 10, ಮನೆಯವರನ್ನೂ ಸ್ನೇಹಿತರನ್ನೂ ಮಾತಾಡಿಸಲು 25. ‘ಸೆಂಡ್ ದಿ ಹೌಸ್’ ಎಂದರೆ ಇಡೀ ಕೋಚ್ ಬಳಗವೇ ಅವನ ಹಿಂದೆ ಬೀಳುವುದು, ಅದಕ್ಕೆ 50.

ಸಣ್ಣ ಕಾಲೇಜಿನವರು ಎಡವುವುದು ಇಲ್ಲೇ. ಐದು ನಕ್ಷತ್ರದ (ಪ್ರತಿಭೆಗೆ ಕೊಡುವ ಅತಿ ಮೇಲಿನ ದರ್ಜೆ) ಹುಡುಗನನ್ನು ಕಂಡು ಬಾಯಿ ನೀರೂರಿ 50 ಗಂಟೆಯಂತೆ ಆರೇಳು ವಾರ ಸುರಿಯುತ್ತಾರೆ. ಅವನ ಮುಂದೆ ಅಲಬಾಮ, ಜಾರ್ಜಿಯಾ ತಂಡಗಳೂ 50 ಸುರಿಯುತ್ತಿರುತ್ತವೆ. ಕೊನೆಗೆ 300 ಗಂಟೆ ಹೊಳೆಯಲ್ಲಿ ಹುಣಸೆ ಹಣ್ಣು ಹಿಂಡಿದಂತೆ. ಅದರ ಬದಲು ಮೂರು ನಕ್ಷತ್ರದ 20 ಹುಡುಗರನ್ನು ಹಲಗೆಗೆ ಹಾಕಿ, ಮೊದಲ ವಾರವೇ ಎಲ್ಲರಿಗೂ ಸ್ಕಾಲರ್‌ಶಿಪ್ ಹೇಳಿ. ಖರ್ಚು ನೂರೇ ಗಂಟೆ. ಆಮೇಲೆ ಒಬ್ಬೊಬ್ಬರನ್ನೇ ಪರೀಕ್ಷಿಸಿ. ಹಸಿರು ರತ್ನದ ಗುರುತು ಬಂದರೆ ಹುಡುಗ ನಕ್ಷತ್ರಕ್ಕಿಂತ ಮೇಲು, ಕೆಂಪು ಗುರುತು ಬಂದರೆ ಮರುಮಾತಿಲ್ಲದೆ ಹಲಗೆಯಿಂದ ತೆಗೆಯಿರಿ. ಉಳಿದ ಗಂಟೆಗಳನ್ನು ಏಳೆಂಟು ರತ್ನಗಳ ಮೇಲೆ ಹಾಕಿದರೆ ಮೂರನೇ ವರ್ಷಕ್ಕೆ ಫಲ ಕಾಣುತ್ತದೆ.

ಪ್ರತಿ ಹುಡುಗನಿಗೂ ಬೇಕು-ಬೇಡಗಳಿವೆ. ಒಟ್ಟು 14 ಬಗೆ: ಆಡುವ ಅವಕಾಶ, ಊರಿಗೆ ಹತ್ತಿರ, ಕೋಚ್‌ನ ಹೆಸರು, ಕ್ರೀಡಾಂಗಣದ ಗದ್ದಲ, ಎನ್‌ಎಫ್‌ಎಲ್‌ಗೆ ಹೋಗುವ ದಾರಿ, ಹೀಗೆ. ಓದಿನ ಗುಣಮಟ್ಟವೂ ಅದರಲ್ಲೊಂದು. ನಮ್ಮ ಕಡೆಯ ಅಪ್ಪ ಅಮ್ಮಂದಿರು ಪ್ರೋಗ್ರಾಂ ಬರೆದಿದ್ದರೆ ಉಳಿದ 13 ಇರುತ್ತಿರಲಿಲ್ಲ. ಇವುಗಳಲ್ಲಿ ಒಂದು ಆ ಹುಡುಗನಿಗೆ ‘ಡೀಲ್‌ಬ್ರೇಕರ್’, ಅಂದರೆ ಅದರಲ್ಲಿ ನಿಮ್ಮ ಕಾಲೇಜಿನ ದರ್ಜೆ ಕಡಿಮೆಯಿದ್ದರೆ ಅವನು ಮುಖ ತಿರುಗಿಸುತ್ತಾನೆ. ಅದನ್ನು ಮೊದಲು ನೋಡದೆ ಗಂಟೆ ಸುರಿಯುವುದು ದಂಡ. ಅವನ ಪಟ್ಟಿ ಕಿರಿದಾದ ಮೇಲೆ ‘ಹಾರ್ಡ್ ಸೆಲ್’ ಎಂಬ ಬಿರುಸಿನ ಓಲೈಕೆಗೆ 40 ಗಂಟೆ. ಅದರಲ್ಲಿ ಹೇಳುವ ಮೂರೂ ಸಂಗತಿ ಅವನಿಗೆ ಬೇಕಾದವೇ ಆಗಿದ್ದರೆ ಮಾತ್ರ ಆ 40 ದಕ್ಕುತ್ತದೆ. ಒಂದು ಹೊಂದಿ ಎರಡು ತಪ್ಪಿದರೆ 50 ಗಂಟೆಯ ಸೆಂಡ್ ದಿ ಹೌಸ್‌ನಲ್ಲೇ ಮುಂದುವರಿಯುವುದು ವಾಸಿ. ಕ್ಯಾಂಪಸ್ ಭೇಟಿಗೆ ಕರೆಯುವಾಗ ಗೆಲ್ಲುವ ಪಂದ್ಯದ ವಾರ ಆರಿಸಿ. ಸೋತರೆ ಹುಡುಗನ ಉತ್ಸಾಹ ಇಳಿಯುತ್ತದೆ. ಕ್ವಾರ್ಟರ್‌ಬ್ಯಾಕ್ ಒಬ್ಬನನ್ನೂ ರಿಸೀವರ್ ಒಬ್ಬನನ್ನೂ ಒಂದೇ ವಾರ ಕರೆದರೆ ಇಬ್ಬರಿಗೂ ಖುಷಿ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಒಟ್ಟಿಗೆ ಕರೆದರೆ ಇಬ್ಬರಿಗೂ ಮುನಿಸು, ಹೆಣ್ಣು ನೋಡಲು ಎರಡು ಮನೆಯವರನ್ನು ಒಂದೇ ಹೊತ್ತಿಗೆ ಕರೆದ ಹಾಗೆ.

ಇಷ್ಟು ಸೂಕ್ಷ್ಮವಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಒಂದು ದೊಡ್ಡ ತೂತಿದೆ. ಅದು ದುಡ್ಡು.

ಇವತ್ತು ಅಮೆರಿಕದಲ್ಲಿ ಹುಡುಗ ಕಾಲೇಜು ಆರಿಸುವಾಗ ಕೈಗೆ ಎಷ್ಟು ಬರುತ್ತದೆ ಎಂಬುದೇ ದೊಡ್ಡ ಮಾತು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲೌಡಿಯಾ ವಿಲ್ಕೆನ್ ಮಂಜೂರು ಮಾಡಿದ ಒಪ್ಪಂದದ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ, ಮೊದಲ ವರ್ಷ ಒಂದೊಂದೂ ಸುಮಾರು 2.05 ಕೋಟಿ ಡಾಲರ್‌ವರೆಗೆ, ಹಣ ಹಂಚಬಹುದು. ಒಬ್ಯಾನನ್ ಪ್ರಕರಣದಲ್ಲಿ 2014ರಲ್ಲಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟವರೂ ಇವರೇ. ಆದರೆ ಡೈನಾಸ್ಟಿಯ 14 ಬೇಕು-ಬೇಡಗಳಲ್ಲಿ ಹಣ ಇಲ್ಲ. ‘ಬ್ರ್ಯಾಂಡ್ ಎಕ್ಸ್‌ಪೋಷರ್’ ಎಂಬ ಮಸುಕು ಮಾತಿದೆ, ಅಂದರೆ ಟಿವಿಯಲ್ಲಿ ಎಷ್ಟು ಕಾಣಿಸಿಕೊಳ್ಳುತ್ತೀಯ ಎಂಬ ಸುತ್ತುಬಳಸು. ಹಣದ ತಕರಾರಿನಿಂದ ನಿಂತು, ಹಣ ಕೊಡುವ ನಿಯಮದಿಂದ ಮರುಹುಟ್ಟು ಪಡೆದ ಗೇಮಿನೊಳಗೆ ಹುಡುಗರು ಇನ್ನೂ ಕಾಲೇಜಿನ ಪರಂಪರೆಗೆ, ಕೋಚ್‌ನ ಸವಿಮಾತಿಗೆ ಮರುಳಾಗಿ ಸಹಿ ಹಾಕುತ್ತಾರೆ. ಋತು ಮುಗಿದ ಮೇಲೆ ತಂಡ ಬಿಟ್ಟು ‘ಟ್ರಾನ್ಸ್‌ಫರ್ ಪೋರ್ಟಲ್’ಗೆ ಹೋಗುವವರ ಕತೆಯೂ ಅಷ್ಟೇ. ಆಡಲು ಅವಕಾಶ ಸಿಗಲಿಲ್ಲ ಎಂದು ಹೋಗುತ್ತಾರೆ, ಪಕ್ಕದ ಕಾಲೇಜು ದುಪ್ಪಟ್ಟು ಕೊಡುತ್ತದೆ ಎಂದು ಯಾರೂ ಹೋಗುವುದಿಲ್ಲ. ಅಸಲಿ ಲೋಕದಲ್ಲಿ ಸಣ್ಣ ಕಾಲೇಜಿನ ಕೋಚ್‌ನ ನಿದ್ದೆ ಕೆಡಿಸುವ ಸಂಗತಿಯೇ ಅದು.

ತಂಡದ ಆಟಗಾರರ ಪಟ್ಟಿಯ ವಿಷಯದಲ್ಲೂ ಇದರ ಬಿಸಿ ತಟ್ಟಿದೆ. ಒಪ್ಪಿಗೆ ಕೊಡದ ಆಟಗಾರನ ಜಾಗದಲ್ಲಿ ಯಾರೋ ಕಾಲ್ಪನಿಕ ಹುಡುಗ ನಿಂತಿರುತ್ತಾನೆ. ಹಳೆಯ 14ನೇ ಕಂತಿನಲ್ಲಿ ಅಭಿಮಾನಿಗಳು ಕೂತು ಸಾವಿರಾರು ಹೆಸರು ತುಂಬಿ, ಆ ಪಟ್ಟಿಯನ್ನು ಎಲ್ಲರಿಗೂ ಹಂಚುತ್ತಿದ್ದರು. ಅದೇ ಕಾರಣಕ್ಕೆ ಆ ಹಳೇ ಡಿಸ್ಕ್ ವರ್ಷಗಟ್ಟಲೆ ನೂರು ಡಾಲರಿಗೂ ಮೇಲೆ ಬಿಕರಿಯಾಗುತ್ತಿತ್ತು. ‘ಕಾಲೇಜ್ ಫುಟ್‌ಬಾಲ್ ರೀವ್ಯಾಂಪ್ಡ್’ ಎಂಬ ಅಭಿಮಾನಿಗಳ ಮಾರ್ಪಾಡು ಅದನ್ನು ಹೊಸ ಸಮವಸ್ತ್ರ, ಹೊಸ ತಂಡಗಳೊಂದಿಗೆ ಜೀವಂತ ಇಟ್ಟಿತು. 25ರಲ್ಲಿ ಪಟ್ಟಿ ಹಂಚಿಕೊಳ್ಳುವ ಸೌಲಭ್ಯವೇ ಇರಲಿಲ್ಲ. ಕಾನೂನಿನ ಭಯ ಅರ್ಥವಾಗುತ್ತದೆ. ಒಬ್ಬನ ಮುಖವನ್ನು ಕೇಳದೆ ಬಳಸಬಾರದು ಎಂಬುದಕ್ಕೇ ತಾನೆ ಒಬ್ಯಾನನ್ ಹೋರಾಡಿದ್ದು. ಈ ಕೊರತೆಯನ್ನು ನಾವು ಕಂಪನಿಯ ತಲೆಗೆ ಕಟ್ಟುವುದಿಲ್ಲ.

ಕಂಪನಿಯ ತಲೆಗೇ ಕಟ್ಟಬೇಕಾದದ್ದು ಬೇರೆ ಇವೆ. ಮೈದಾನದಲ್ಲಿ ಎದ್ದು ಕಾಣುವುದು ಲೈನ್‌ಬ್ಯಾಕರ್‌ಗಳ, ಅಂದರೆ ರಕ್ಷಣೆಯ ಎರಡನೇ ಸಾಲಿನವರ, ಅತಿಮಾನುಷ ಜಿಗಿತ. ಮಧ್ಯಕ್ಕೆ ಎಸೆದ ಚೆಂಡನ್ನು, ಬೆನ್ನು ತಿರುಗಿಸಿ ಓಡುತ್ತಿರುವವನೂ ಹಿಂದಲೆಯಲ್ಲಿ ಕಣ್ಣಿದ್ದಂತೆ ಕೈ ಚಾಚಿ ತಡೆಯುತ್ತಾನೆ. ಗೇಮಿನ ಕಷ್ಟವನ್ನು ಹೆಚ್ಚಿಸಿ ‘ಆಲ್-ಅಮೆರಿಕನ್’ ಮಟ್ಟದಿಂದ ‘ಹೈಸ್‌ಮನ್’ ಮಟ್ಟಕ್ಕೆ ಏರಿದಾಗ ಇದು ಇನ್ನೂ ರೇಗಿಸುತ್ತದೆ. ಆಟ ಕಷ್ಟವಾಗುವುದು ಎದುರಾಳಿಯ ಬುದ್ಧಿಯಿಂದಲ್ಲ, ಅವನ ಕೈಯುದ್ದದಿಂದ. ಮದ್ದು ಸೆಟ್ಟಿಂಗ್ಸ್‌ನಲ್ಲಿದೆ. ಕಂಪ್ಯೂಟರ್ ತಂಡದ ‘ಇಂಟರ್‌ಸೆಪ್ಷನ್’ (ಎದುರಾಳಿಯ ಎಸೆತವನ್ನು ಕಸಿದು ಹಿಡಿಯುವುದು) ಸ್ಲೈಡರ್ 50ರಲ್ಲಿರುತ್ತದೆ, 30–35ಕ್ಕೆ ಇಳಿಸಿ. ‘ಪಾಸ್ ಡಿಫೆನ್ಸ್ ರಿಯಾಕ್ಷನ್ ಟೈಮ್’ ಅನ್ನು ನಾಲ್ಕೈದು ಅಂಕದಂತೆ ಬದಲಿಸುತ್ತ ಎರಡು ಪಂದ್ಯ ಆಡಿ ನೋಡಿ. ಎಲ್ಲ ಸ್ಲೈಡರುಗಳನ್ನೂ ಒಮ್ಮೆಗೇ ತಿರುವಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕ್ವಾರ್ಟರ್‌ಗೆ 10 ನಿಮಿಷ ಇಟ್ಟು, ‘ಆಕ್ಸಿಲರೇಟೆಡ್ ಕ್ಲಾಕ್’ ಅನ್ನು 20 ಸೆಕೆಂಡಿಗೆ ಇಟ್ಟರೆ ಯತ್ನಗಳ ಸಂಖ್ಯೆ ಅಸಲಿ ಪಂದ್ಯದ ಹದಕ್ಕೆ ಹತ್ತಿರ ಬರುತ್ತದೆ. ಇದಕ್ಕಿಂತ ಚಿಕ್ಕದಿಟ್ಟರೆ ಓಟದ ಆಟಕ್ಕೆ ಕಾಲವೇ ಸಿಗದೆ ಎಲ್ಲರೂ ಉದ್ದ ಎಸೆತಕ್ಕೇ ಜೋತು ಬೀಳುತ್ತಾರೆ.

ಒದೆತದ ಮೀಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿಹೋಗುತ್ತದೆ, ಕಂಬಗಳ ನಡುವೆ ಒದೆಯಬೇಕಾದ ಸುಲಭದ ಫೀಲ್ಡ್ ಗೋಲ್‌ಗಳೂ ಹೊಸಬರಿಗೆ ಕಂಬದ ಹೊರಗೆ. ವೀಕ್ಷಕ ವಿವರಣೆಗೆ ಕ್ರಿಸ್ ಫೌಲರ್, ಕರ್ಕ್ ಹರ್ಬ್‌ಸ್ಟ್ರೀಟ್‌ರಂಥ ಅಸಲಿ ಧ್ವನಿಗಳಿದ್ದರೂ ಮೂರನೇ ಋತುವಿಗೆ ಅವವೇ ಮಾತುಗಳು. ಒಬ್ಬನೇ ಆಟಗಾರನಾಗಿ ಆಡುವ ‘ರೋಡ್ ಟು ಗ್ಲೋರಿ’ 25ರಲ್ಲಿ ಬಡಕಲಾಗಿತ್ತು. ಹೈಸ್ಕೂಲ್ ಭಾಗವನ್ನು ಕತ್ತರಿಸಿ, 26ರಲ್ಲಿ ಹೊಸ ವಿಶೇಷವೆಂಬಂತೆ ವಾಪಸ್ ತಂದರು. ಹಳೆಯ ಗೇಮಿನಲ್ಲಿ ಇದ್ದದ್ದನ್ನು ಕಂತಿಗಿಷ್ಟು ಎಂದು ಮರಳಿ ಮಾರುವ ಈ ಚಾಳಿ ಇಎ ಗೇಮ್ ಆಡುವವರಿಗೆ ಹೊಸತಲ್ಲ. ‘ವೇರ್ ಅಂಡ್ ಟೇರ್’ ಮಾತ್ರ ಒಳ್ಳೆಯ ಸೇರ್ಪಡೆ. ಪ್ರತಿ ಪೆಟ್ಟೂ ದೇಹದ ಆಯಾ ಭಾಗದಲ್ಲಿ ದಾಖಲಾಗುತ್ತದೆ. ಒಬ್ಬನೇ ಓಟಗಾರನಿಗೆ ಪಂದ್ಯಕ್ಕೆ 30 ಸಲ ಚೆಂಡು ಕೊಟ್ಟರೆ ಅಕ್ಟೋಬರ್ ಹೊತ್ತಿಗೆ ಅವನ ವೇಗ ಕುಸಿದಿರುತ್ತದೆ. ಇಬ್ಬರಿಗೆ ಹಂಚಿ.

ಇನ್ನು ‘ಅಲ್ಟಿಮೇಟ್ ಟೀಮ್’. ಆಟಗಾರರ ಕಾರ್ಡ್‌ಗಳಿರುವ ಪ್ಯಾಕ್ ಕೊಳ್ಳುವುದು, ಒಳಗೆ ಯಾರು ಬರುತ್ತಾರೋ ಅದೃಷ್ಟ. ಲಾಟರಿಗೂ ಇದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಹಳೆಯದು. ಬೆಲ್ಜಿಯಂ 2018ರಲ್ಲೇ ಇಂಥ ಪ್ಯಾಕ್‌ಗಳನ್ನು ಜೂಜು ಎಂದು ಪರಿಗಣಿಸಿದ ಮೇಲೆ, ಇದೇ ಕಂಪನಿ ತನ್ನ ಫಿಫಾ ಗೇಮಿನ ಪಾಯಿಂಟ್ಸ್ ಮಾರಾಟವನ್ನು ಅಲ್ಲಿ ನಿಲ್ಲಿಸಬೇಕಾಯಿತು. 69.99 ಡಾಲರ್ ಕೊಟ್ಟು ಕೊಂಡ ಗೇಮಿನೊಳಗೆ ಇನ್ನೊಂದು ಅಂಗಡಿ. ಈ ವಿಭಾಗವನ್ನು ಪೂರ್ತಿ ಬಿಟ್ಟರೂ ಗೇಮಿನ ಸೊಗಸು ಒಂದಿಷ್ಟೂ ಕುಂದುವುದಿಲ್ಲ. ಆದರೆ 2025ರ ಜುಲೈನಲ್ಲಿ 26ನೇ ಕಂತು ಬಂದಾಗ ಆ ಅಂಗಡಿ ಡೈನಾಸ್ಟಿಗೂ ಕೈ ಚಾಚಿತು. ಋತುಗಟ್ಟಲೆ ಆಡಿ ಗಳಿಸಬೇಕಾದ ಕೋಚ್‌ನ ಕೌಶಲವನ್ನು ಕಾಸು ಕೊಟ್ಟು ಕೊಳ್ಳುವ ಏರ್ಪಾಡು ಕಂಡು ಆಟಗಾರರು ಬೊಬ್ಬೆ ಹೊಡೆದರು, ಕಂಪನಿ ಅದನ್ನು ತೆಗೆಯಿತು. ಆಟದೊಳಗಿನ ಹುಡುಗನಿಗೆ ಕಾಸಿನ ಆಸೆ ಇರಕೂಡದು, ಆಡುವವನ ಜೇಬಿಗೆ ಮಾತ್ರ ಕೈ ಹಾಕಬಹುದು. ಜಾಣಕುರುಡು ಎಂದದ್ದು ಇದಕ್ಕೇ.

ಇಷ್ಟರ ಮೇಲೂ ತರಿಸಿಕೊಳ್ಳಬೇಕು ಅನ್ನಿಸಿದರೆ, ತರುವವರಿಗೆ ಹೇಳಬೇಕಾದದ್ದು: ಈ ಎರಡೂ ಕಂತುಗಳು ಪಿಎಸ್5 (ಪ್ಲೇಸ್ಟೇಷನ್ 5) ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಮಾತ್ರ ಬಂದವು, ಕಂಪ್ಯೂಟರಿಗೆ ಇಲ್ಲ, ಪಿಎಸ್4ಕ್ಕೂ ಇಲ್ಲ. ಪಿಎಸ್5 ಡಿಸ್ಕ್‌ಗೆ ದೇಶದ ಬೀಗವಿಲ್ಲ, ಅಮೆರಿಕದ್ದು ಹುಬ್ಬಳ್ಳಿಯಲ್ಲೂ ಓಡುತ್ತದೆ. ಆದರೆ ಜೊತೆಯಲ್ಲಿ ಬರುವ ಕೋಡ್‌ಗಳು ಅಮೆರಿಕದ ಅಕೌಂಟ್‌ನಲ್ಲಿ ಮಾತ್ರ ನಡೆಯುತ್ತವೆ. ಕೊಳ್ಳುವ ಮೊದಲು ಹುಡುಗನ ಯಂತ್ರದ ಫೋಟೊ ತರಿಸಿಕೊಂಡು ಡಿಸ್ಕ್ ತೂರಿಸುವ ಸೀಳು ಇದೆಯೇ ನೋಡಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಅದು ಇಲ್ಲ, ಹಳೆಯ ಪಿಎಸ್5 ಡಿಜಿಟಲ್ ಆವೃತ್ತಿಗೆ ಡ್ರೈವ್ ಸೇರಿಸಲೂ ಆಗುವುದಿಲ್ಲ, ಹೊಸ ಸ್ಲಿಮ್ ಡಿಜಿಟಲ್ ಆವೃತ್ತಿಗೂ ಪಿಎಸ್5 ಪ್ರೋಗೂ ಡ್ರೈವ್ ಬೇರೆಯಾಗಿ ಕೊಳ್ಳಬೇಕು. ಅಮೆರಿಕದಲ್ಲಿರುವ ಅಣ್ಣನ ಜೊತೆ ಆನ್‌ಲೈನ್‌ನಲ್ಲಿ ನೇರ ಪಂದ್ಯ ಆಡುವ ಆಸೆ ಇದ್ದರೆ, ಸಾಗರ ದಾಟಿ ಹೋಗಿ ಬರುವ ಸಂಕೇತಕ್ಕೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು, ಎಸೆತದ ಹದ ತಪ್ಪುತ್ತದೆ. 32 ಜನ ಸೇರಬಹುದಾದ ಆನ್‌ಲೈನ್ ಡೈನಾಸ್ಟಿಗೆ ಸೇರಿ, ಇಬ್ಬರೂ ತಂತಮ್ಮ ಪಂದ್ಯವನ್ನು ಕಂಪ್ಯೂಟರ್ ಎದುರು ಆಡಿ, ಒಬ್ಬ ಹುಡುಗನಿಗಾಗಿ ಇಬ್ಬರೂ ಗಂಟೆ ಸುರಿಯುತ್ತ ಕಿತ್ತಾಡುವುದು ಮೇಲು. 25ರ ಕಂತಾದರೆ ಇಬ್ಬರ ಯಂತ್ರವೂ ಒಂದೇ ಕಂಪನಿಯದಾಗಿರಬೇಕು. ಚಿಕ್ಕವರ ಕೈಗೆ ಕೊಡುವುದಾದರೆ ಯಂತ್ರದ ಫ್ಯಾಮಿಲಿ ಸೆಟ್ಟಿಂಗ್ಸ್‌ಗೆ ಹೋಗಿ ತಿಂಗಳ ಖರ್ಚಿನ ಮಿತಿಯನ್ನು ಸೊನ್ನೆಗೆ ಇಟ್ಟು, ಆಮೇಲೆ ಡಿಸ್ಕ್ ಹಾಕಿ.

ಇಂತಿ,
ಇಬ್ಬರು ಓದುಗರು
ಆನ್ ಆರ್ಬರ್, ಮಿಷಿಗನ್